ಸಮಾಧಿಯ ಕಲ್ಲು ಹೇಳುವ ಎರಡು ಮಾತು

(ಧ್ಯಾನಕ್ಕಾಗಿ ಓದತಕ್ಕ ಭಾಗಗಳು: ಯೋಹಾನ ೧೧: ೧-೪೪, ೧ ಥೆಸಲೊನೀಕ ೪: ೧೩-೧೮)



ಬೇಥಾನ್ಯದಲ್ಲಿ ಲಾಜರನ ಸಮಾಧಿಯ ಮುಂದೆ ನಮ್ಮ ಕರ್ತನು ಎರಡು ಕೆಲಸಗಳನ್ನು ಮಾಡಿದನು. ಮೊದಲು ಕಣ್ಣೀರು ಸುರಿಸಿದನು. ತರುವಾಯ ಸತ್ತವನನ್ನು ಹೆಸರು ಹಿಡಿದು ಕರೆದನು. ಇನ್ನು ಸ್ವಲ್ಪ ಹೊತ್ತಿನೊಳಗೆ ತಾನು ಲಾಜರನನ್ನು ಎಬ್ಬಿಸುವನೆಂಬದು ಆತನಿಗೆ ತಿಳಿದೇ ಇತ್ತು. ಆದರೂ ಆತನು ಅಳದೆ ಇರಲಿಲ್ಲ. ಆತನು ಅತ್ತದ್ದು ನಂಬಿಕೆ ಇಲ್ಲದೆ ಅಲ್ಲ. ಎಬ್ಬಿಸಿದ್ದು ದುಃಖ ತಿಳಿಯದೆ ಅಲ್ಲ. ಒಂದೇ ಸಮಾಧಿಯ ಮುಂದೆ, ಒಬ್ಬನೇ ರಕ್ಷಕನಲ್ಲಿ, ಕಣ್ಣೀರೂ ನಿರೀಕ್ಷೆಯೂ ಕೂಡಿಕೊಂಡಿದ್ದವು.

ನಮ್ಮ ಹಳ್ಳಿಯ ಸಭೆಗಳಲ್ಲಿ ಮರಣವು ಒಂದು ಮನೆಯನ್ನು ಹೊಕ್ಕಾಗ ಇವೆರಡನ್ನೂ ಕೂಡಿಸಿ ಹಿಡಿಯುವದು ನಮಗೆ ಕಷ್ಟವಾಗಿದೆ. ಕೆಲವರು ಹಳೇ ವಾಡಿಕೆಯಂತೆ ಎದೆ ಬಡಿದುಕೊಂಡು, ತಲೆ ಕೆದರಿಕೊಂಡು, ದೇವರ ಮೇಲೆಯೇ ತಪ್ಪು ಹೊರಿಸಿ, ಇನ್ನು ಏನೂ ಉಳಿಯಲಿಲ್ಲವೆಂಬಂತೆ ಗೋಳಾಡುತ್ತಾರೆ. ಬೇರೆ ಕೆಲವರು ಮಣ್ಣು ಮುಚ್ಚಿದ ಮಾರನೆಯ ದಿನವೇ ವಿಧವೆಯ ಬಾಗಲಿಗೆ ಹೋಗಿ, ಅಮ್ಮಾ, ವಿಶ್ವಾಸಿಗಳು ಅಳಬಾರದು, ನೀನು ಅತ್ತರೆ ನೆರೆಯವರು ನಮ್ಮ ನಂಬಿಕೆಯನ್ನು ನೋಡಿ ನಗುವರು ಎಂದು ಹೇಳಿ ಅವಳ ಬಾಯಿ ಮುಚ್ಚಿಸುತ್ತಾರೆ. ಮೊದಲಿನವರು ನಿರೀಕ್ಷೆಯನ್ನು ಬಿಟ್ಟರು. ಎರಡನೆಯವರು ಕರುಣೆಯನ್ನು ಬಿಟ್ಟರು. ಇಬ್ಬರೂ ಬೇಥಾನ್ಯದ ದಾರಿಯನ್ನು ಅರ್ಧ ಮಾತ್ರ ನಡೆದವರು.

ಈ ಎರಡನ್ನೂ ಅಗಲಿಸದೆ ಹಿಡಿದುಕೊಂಡ ಒಂದು ಹಳೇ ಕ್ರೈಸ್ತ ಜನಾಂಗವುಂಟು. ಅವರು ಅದನ್ನು ಪುಸ್ತಕದಲ್ಲಿ ಮಾತ್ರವಲ್ಲ, ಸಮಾಧಿಯ ಕಲ್ಲಿನ ಮೇಲೆಯೂ ಕೆತ್ತಿಸಿದರು. ಆ ಕಲ್ಲುಗಳನ್ನು ಈ ತಿಂಗಳು ನಾವು ಕೂಡಿ ಓದೋಣ.

ಸತ್ತವರಿಗಾಗಿ ಕಲ್ಲು ನಿಲ್ಲಿಸುವದು ಬಹು ಹಳೇ ಪದ್ಧತಿ. ಎಫ್ರಾತದ ದಾರಿಯಲ್ಲಿ ರಾಹೇಲಳು ತೀರಿಹೋದಾಗ ಯಾಕೋಬನು ಅವಳ ಸಮಾಧಿಯ ಮೇಲೆ ಒಂದು ಕಂಬವನ್ನು ನಿಲ್ಲಿಸಿದನೆಂದು ಆದಿಕಾಂಡದ ೩೫ನೆಯ ಅಧ್ಯಾಯದಲ್ಲಿ ಓದುತ್ತೇವೆ. ನಮ್ಮ ಕನ್ನಡ ನಾಡಿನಲ್ಲಿಯೂ ಊರ ಮುಂದೆ, ಕೆರೆಯ ಏರಿಯ ಮೇಲೆ ವೀರಗಲ್ಲುಗಳನ್ನು ನೀವು ನೋಡಿದ್ದೀರಿ. ಕೆಳಗೆ ಕಾಳಗ, ನಡುವೆ ವೀರನನ್ನು ಮೇಲಕ್ಕೆ ಕೊಂಡೊಯ್ಯುವ ಸ್ತ್ರೀಯರು, ತುದಿಯಲ್ಲಿ ಸೂರ್ಯ ಚಂದ್ರರು. ಅಕ್ಷರ ಬಾರದವನೂ ಆ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬಲ್ಲನು. ನಾವು ಆ ಕಲ್ಲುಗಳ ಮತವನ್ನು ಬಿಟ್ಟವರಾದರೂ, ಕಲ್ಲು ಚಿತ್ರಗಳ ಮೂಲಕ ಮಾತಾಡುವದುಂಟೆಂಬದನ್ನು ಅರಿತವರೇ ಆಗಿದ್ದೇವೆ.

ಇಂಗ್ಲೆಂಡಿನ ಉತ್ತರಕ್ಕೆ ಸ್ಕಾಟ್ಲೆಂಡ್ ಎಂಬ ಗುಡ್ಡಗಾಡಿನ ದೇಶವುಂಟು. ೧೫೬೦ನೆಯ ಇಸವಿಯಲ್ಲಿ ಆ ದೇಶವು ಜಾನ್ ನಾಕ್ಸ್ ಮೊದಲಾದವರ ಬೋಧನೆಯಿಂದ ಸುಧಾರಿತ ಮತವನ್ನು ಅಂಗೀಕರಿಸಿತು. ಅದಕ್ಕೆ ಮೊದಲು ಧನಿಕರನ್ನು ದೇವಾಲಯದ ಒಳಗೆ, ಬಲಿಪೀಠದ ಹತ್ತಿರ ಹೂಣಿಡುತ್ತಿದ್ದರು. ಬಡವರಿಗೆ ಹೊರಗಿನ ಅಂಗಳವೇ ಗತಿಯಾಗಿತ್ತು. ಸುಧಾರಣೆಯ ತರುವಾಯ ಆ ಸಭೆಯ ಮಹಾಸಭೆಯವರು, ದೇವಾಲಯದೊಳಗೆ ಯಾರನ್ನೂ ಹೂಣಿಡಬಾರದೆಂದು ೧೫೮೮ರಲ್ಲಿಯೂ ೧೬೪೩ರಲ್ಲಿಯೂ ವಿಧಿಸಿದರು. ದೊಡ್ಡ ಮನೆತನದವರು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಕೆಲವರು ದೇವಾಲಯದ ಗೋಡೆಗೆ ತಾಗಿಸಿ ತಮಗೆ ಪ್ರತ್ಯೇಕ ಕೊಠಡಿಗಳನ್ನು ಕಟ್ಟಿಸಿಕೊಂಡರು. ಆದರೂ ಕಾಲಕ್ರಮದಲ್ಲಿ ನೇಕಾರನೂ ಒಕ್ಕಲಿಗನೂ ವರ್ತಕನೂ ಒಂದೇ ಅಂಗಳದಲ್ಲಿ ಮಲಗಿದರು. ೧೭ನೆಯ ಮತ್ತು ೧೮ನೆಯ ಶತಮಾನಗಳಲ್ಲಿ ಅನುಕೂಲವಿದ್ದ ರೈತರೂ ಕೈಕಸಬಿನವರೂ ತಮ್ಮವರ ತಲೆಯ ಕಡೆಯಲ್ಲಿ ಕಲ್ಲುಗಳನ್ನು ನಿಲ್ಲಿಸತೊಡಗಿದರು. ದೇವಾಲಯದ ಒಳಗೆ ವಿಗ್ರಹವಾಗಲಿ ಚಿತ್ರವಾಗಲಿ ಇರಕೂಡದೆಂದು ಕಟ್ಟುನಿಟ್ಟಾಗಿದ್ದ ಅದೇ ಜನರು, ಹೊರಗಿನ ಈ ಕಲ್ಲುಗಳ ಮೇಲೆ ಊರ ಕಲ್ಲುಕುಟಿಗನಿಂದ ಹಲವು ಗುರುತುಗಳನ್ನು ಕೆತ್ತಿಸಿದರು. ಅವು ಪೂಜೆಗಾಗಿ ಅಲ್ಲ, ಬುದ್ಧಿವಾದಕ್ಕಾಗಿ.

ಮೊದಲನೆಯ ಮಾತು: ನೀನು ಸಾಯುವವನು

ಆ ಕಲ್ಲುಗಳ ಹತ್ತಿರ ಹೋದವನ ಕಣ್ಣಿಗೆ ಮೊದಲು ಬೀಳುವದು ತಲೆಬುರುಡೆ. ಅದರ ಕೆಳಗೆ ಅಡ್ಡಡ್ಡಲಾಗಿ ಇಟ್ಟ ಎರಡು ಎಲುಬು. ಪಕ್ಕದಲ್ಲಿ ಮರಳು ಗಡಿಯಾರ. ಇದು ಎರಡು ಗಾಜಿನ ಬುರುಡೆಗಳನ್ನು ಬಾಯಿಗೆ ಬಾಯಿ ಕೂಡಿಸಿದಂತೆ ಇರುವದು. ಮೇಲಿನ ಮರಳು ಸಣ್ಣ ರಂಧ್ರದಿಂದ ಕೆಳಕ್ಕೆ ಇಳಿದು ಮುಗಿದರೆ ಹೊತ್ತು ಮುಗಿಯಿತು. ಪ್ರಸಂಗದ ಹೊತ್ತನ್ನು ಅಳೆಯುವದಕ್ಕೆ ಅಂಥದನ್ನೇ ಬೋಧಕನ ಪೀಠದ ಬಳಿಯಲ್ಲಿ ಇಡುವ ವಾಡಿಕೆಯೂ ಇತ್ತು. ಆದದರಿಂದ ಭಾನುವಾರದಲ್ಲಿ ದೇವಾಲಯದೊಳಗೆ ಕಂಡ ಗಡಿಯಾರವನ್ನು ಜನರು ಹೊರಗೆ ಬರುವಾಗ ಕಲ್ಲಿನ ಮೇಲೆ ಮತ್ತೆ ಕಂಡರು. ಇವುಗಳ ಸಂಗಡ ಹೆಣದ ಪೆಟ್ಟಿಗೆ, ಕುಣಿ ತೋಡುವವನ ಸಲಿಕೆ ಗುದ್ದಲಿಗಳು, ಒಂದು ಕೈಗಂಟೆ. ಆ ಗಂಟೆಯ ಅರ್ಥವೇನಂದರೆ, ಒಬ್ಬನು ಸತ್ತಾಗ ಸಭೆಯ ಸೇವಕನು ಬೀದಿಬೀದಿಯಲ್ಲಿ ಗಂಟೆ ಬಾರಿಸಿ, ಇಂಥವನು ತೀರಿಹೋದನು, ಇಂಥ ಹೊತ್ತಿಗೆ ಮಣ್ಣು ಎಂದು ಸಾರುತ್ತಿದ್ದನು.

ಕೆಲವು ಕಲ್ಲುಗಳ ಮೇಲೆ ಮರಣದ ಮೂಲವನ್ನೇ ತೋರಿಸಿದ್ದಾರೆ. ಪೀಬಲ್ಸ್ ಪ್ರಾಂತ್ಯದಲ್ಲಿ ಲೈನ್ ಎಂಬ ಚಿಕ್ಕ ಸಭೆಯ ಅಂಗಳದಲ್ಲಿ ೧೭೧೨ನೆಯ ಇಸವಿಯ ಒಂದು ಕಲ್ಲುಂಟು. ಅದರ ಮೇಲೆ ಆದಾಮನೂ ಹವ್ವಳೂ ನಿಂತಿದ್ದಾರೆ. ಒಬ್ಬ ಹಳ್ಳಿಯವಳ ಸಮಾಧಿಯ ಮೇಲೆ ಮಾನವಕುಲದ ಆದಿ ತಂದೆತಾಯಿಗಳನ್ನು ಯಾಕೆ ಕೆತ್ತಿದರು? ಇವಳಿಗೆ ಬಂದದ್ದು ಇವಳೊಬ್ಬಳಿಗೇ ಬಂದದ್ದಲ್ಲ, ಪಾಪದ ಮೂಲಕ ಮರಣವು ಎಲ್ಲರನ್ನೂ ವ್ಯಾಪಿಸಿತು ಎಂಬ ರೋಮಾಪುರದ ಪತ್ರಿಕೆಯ ಬೋಧನೆಯನ್ನು ನೆನಪಿಗೆ ತರುವದಕ್ಕಾಗಿಯೇ.

ಇದನ್ನು ಕೇಳಿ, ಇದೇನು ಭಯಂಕರ, ದುಃಖದಲ್ಲಿರುವವರ ಮುಂದೆ ತಲೆಬುರುಡೆಯನ್ನು ಇಡುವದು ಯಾವ ಸಮಾಧಾನ ಎಂದು ನೀವು ಕೇಳಬಹುದು. ಪ್ರಿಯರೇ, ಆ ಜನರು ಮರಣದಲ್ಲಿ ಸಂತೋಷಪಡುವವರಾಗಿರಲಿಲ್ಲ. ಅವರು ತಮ್ಮ ಕೂಸುಗಳನ್ನು ಹೂಣಿಟ್ಟವರು, ಬರಗಾಲವನ್ನೂ ರೋಗವನ್ನೂ ಕಂಡವರು. ಸುಳ್ಳು ಹೇಳುವದಕ್ಕೆ ಅವರಿಗೆ ಮನಸ್ಸು ಬರಲಿಲ್ಲ, ಅಷ್ಟೇ. ಮರಣವನ್ನು ಮರಣವೆಂದೇ ಕರೆದರು. ತೊಂಬತ್ತನೆಯ ಕೀರ್ತನೆಯಲ್ಲಿ ಮೋಶೆಯು, ನಮ್ಮ ದಿವಸಗಳನ್ನು ಎಣಿಸುವದನ್ನು ನಮಗೆ ಕಲಿಸೆಂದು ದೇವರನ್ನು ಬೇಡಿಕೊಂಡನಲ್ಲವೋ? ದಿವಸಗಳಿಗೆ ಲೆಕ್ಕವುಂಟೆಂದು ತಿಳಿದವನು ಮಾತ್ರ ಅವುಗಳನ್ನು ಎಣಿಸುವನು.

ನಾವಾದರೋ ಎಣಿಸದೆ ಬದುಕುತ್ತೇವೆ. ಅಣ್ಣತಮ್ಮಂದಿರು ಹೊಲದ ಬದುವಿನ ವಿಷಯದಲ್ಲಿ ಜಗಳವಾಡಿ, ಮುಂದಿನ ಸುಗ್ಗಿಗೆ ರಾಜಿಯಾದರಾಯಿತೆಂದು ಮಾತು ಬಿಟ್ಟಿರುತ್ತಾರೆ. ಸುಗ್ಗಿ ಬರುವದಕ್ಕೆ ಮೊದಲೇ ಒಬ್ಬನು ಹೋಗಿಬಿಡುತ್ತಾನೆ. ಕರ್ತನ ಭೋಜನಕ್ಕೆ ಸೇರುವದನ್ನು, ಕುಡಿಕತನವನ್ನು ಬಿಡುವದನ್ನು, ಮುನಿದುಹೋದ ಸೊಸೆಯನ್ನು ಮನೆಗೆ ಕರೆತರುವದನ್ನು ಬರುವ ವರುಷಕ್ಕೆ, ಬರುವ ವರುಷಕ್ಕೆ ಎಂದು ಮುಂದಕ್ಕೆ ಹಾಕುತ್ತೇವೆ. ನಮ್ಮಂಥವರಿಗಾಗಿಯೇ ಆ ಕಲ್ಲುಕುಟಿಗನು ಮರಳು ಗಡಿಯಾರವನ್ನು ಕೆತ್ತಿದನು. ನಿನ್ನ ಮರಳು ಇಳಿಯುತ್ತಾ ಇದೆ. ಎಷ್ಟು ಉಳಿಯಿತೆಂದು ನಿನಗೆ ಕಾಣಿಸದು. ಆದದರಿಂದ ಇಂದೇ ಎದ್ದು ನಿನ್ನ ಸಹೋದರನ ಬಾಗಲಿಗೆ ಹೋಗು.

ಎರಡನೆಯ ಮಾತು: ಮರಣವೇ ಕಡೆಯದಲ್ಲ

ಈಗ ಅದೇ ಕಲ್ಲಿನ ಮೇಲ್ಭಾಗವನ್ನು ನೋಡಿರಿ. ಅನೇಕ ಕಲ್ಲುಗಳಲ್ಲಿ ಬುರುಡೆಯ ಮೇಲ್ಗಡೆಯಲ್ಲಿ ಒಂದು ಮುಖವುಂಟು. ಅದು ಎಲುಬಿನ ಮುಖವಲ್ಲ, ದುಂಡುಕೆನ್ನೆಯ ಜೀವವುಳ್ಳ ಮುಖ. ಅದರ ಎರಡು ಪಕ್ಕಗಳಲ್ಲಿ ರೆಕ್ಕೆಗಳಿವೆ. ಹಳ್ಳಿಯ ಕುಟಿಗನ ಕೈ ಒರಟಾದದ್ದು. ಆ ಮುಖಗಳಲ್ಲಿ ಕೆಲವು ಮಕ್ಕಳು ಬರೆದ ಚಿತ್ರಗಳಂತೆ ಇವೆ. ಆದರೆ ಅರ್ಥವು ಸ್ಪಷ್ಟವಾಗಿದೆ: ಶರೀರವು ಮಣ್ಣಿಗೆ ಇಳಿಯಿತು, ಆತ್ಮವು ಕರ್ತನ ಬಳಿಗೆ ಏರಿತು. ಸತ್ತವರು ದೇವದೂತರಾಗುತ್ತಾರೆಂದು ಇದರಿಂದ ಯಾರೂ ತಿಳಿಯಬಾರದು. ಶಾಸ್ತ್ರವು ಹಾಗೆ ಹೇಳುವದಿಲ್ಲ. ಪ್ರಾಣವು ಬಲೆಯಿಂದ ತಪ್ಪಿಸಿಕೊಂಡ ಹಕ್ಕಿಯಂತೆ ದೇವರ ಬಳಿಗೆ ಸೇರಿತೆಂದು ತೋರಿಸುವದಕ್ಕೆ ಅವರಿಗೆ ರೆಕ್ಕೆಗಿಂತ ಒಳ್ಳೇ ಗುರುತು ಸಿಕ್ಕಲಿಲ್ಲ.

ರೆಕ್ಕೆಯ ಮುಖವಲ್ಲದೆ ಬೇರೆ ಗುರುತುಗಳೂ ಉಂಟು. ತುತೂರಿ ಊದುವ ದೂತನನ್ನು ಕೆತ್ತಿದ್ದಾರೆ. ಕಡೇ ತುತೂರಿಯ ಧ್ವನಿಯಲ್ಲಿ ಸತ್ತವರು ನಿರ್ಲಯರಾಗಿ ಎಬ್ಬಿಸಲ್ಪಡುವರೆಂದು ಕೊರಿಂಥದ ಮೊದಲನೆಯ ಪತ್ರಿಕೆಯ ೧೫ನೆಯ ಅಧ್ಯಾಯದಲ್ಲಿ ಪೌಲನು ಬರೆದದ್ದನ್ನು ಅದು ಸಾರುತ್ತದೆ. ಕೆಲವು ಕಡೆ ತುತೂರಿಯ ಶಬ್ದಕ್ಕೆ ಒಬ್ಬನು ಸಮಾಧಿಯಿಂದ ಏಳುತ್ತಿರುವಂತೆಯೂ ತೋರಿಸಿದ್ದಾರೆ. ಜೀವದ ಕಿರೀಟವುಂಟು, ತೆರೆದ ಪುಸ್ತಕವುಂಟು, ಲಂಗರವುಂಟು. ನಿರೀಕ್ಷೆಯು ನಮ್ಮ ಪ್ರಾಣಕ್ಕೆ ಲಂಗರದಂತಿದೆಯೆಂಬದು ಇಬ್ರಿಯರಿಗೆ ಬರೆದ ಪತ್ರಿಕೆಯ ಮಾತು.

ಇಲ್ಲಿ ನಾವು ಗಮನಿಸತಕ್ಕದ್ದೇನಂದರೆ, ಬುರುಡೆಯ ಕಲ್ಲು ಬೇರೆ, ರೆಕ್ಕೆಯ ಕಲ್ಲು ಬೇರೆ ಎಂದು ಅವರು ವಿಂಗಡಿಸಲಿಲ್ಲ. ಅಳುವವರಿಗೆ ಒಂದು, ಗಟ್ಟಿ ನಂಬಿಕೆಯವರಿಗೆ ಇನ್ನೊಂದು ಎಂದು ಮಾಡಲಿಲ್ಲ. ಒಂದೇ ಕಲ್ಲು, ಒಂದೇ ಉಳಿ, ಎರಡು ಮಾತು. ಬುರುಡೆಯನ್ನು ಅಳಿಸಿದರೆ ರೆಕ್ಕೆಗೆ ಅರ್ಥವಿಲ್ಲ. ಯಾಕಂದರೆ ಸಾಯದವನಿಗೆ ಪುನರುತ್ಥಾನವು ಯಾತಕ್ಕೆ? ರೆಕ್ಕೆಯನ್ನು ಅಳಿಸಿದರೆ ಬುರುಡೆಯನ್ನು ನೋಡುವ ಧೈರ್ಯ ನಮಗಿರಲಾರದು. ನಮ್ಮ ಕರ್ತನು ಶಿಲುಬೆಯ ಮೇಲೆ ನಿಜವಾಗಿ ಸತ್ತನು, ಮೂರನೆಯ ದಿನದಲ್ಲಿ ನಿಜವಾಗಿ ಎದ್ದನು. ಈ ಎರಡನ್ನೂ ಕೂಡಿಸಿ ಹೇಳುವದೇ ಸುವಾರ್ತೆ.

ಅಪೊಸ್ತಲನು ಥೆಸಲೊನೀಕದವರಿಗೆ ಬರೆದದ್ದನ್ನು ಚೆನ್ನಾಗಿ ನೋಡಿರಿ. ಅವನು, ದುಃಖಿಸಬೇಡಿರಿ ಎಂದು ಹೇಳಿ ಅಲ್ಲಿಗೆ ನಿಲ್ಲಿಸಲಿಲ್ಲ. ನಿರೀಕ್ಷೆಯಿಲ್ಲದವರು ದುಃಖಿಸುವ ಹಾಗೆ ದುಃಖಿಸಬಾರದೆಂದು ಹೇಳಿದನು. ದುಃಖವುಂಟು, ಆದರೆ ಆ ದುಃಖಕ್ಕೆ ತಳವುಂಟು, ದಡವುಂಟು. ಆದದರಿಂದ ಹಿರಿಯರೇ, ಸಭೆಯ ತಾಯಂದಿರೇ, ಮಗನನ್ನು ಕಳಕೊಂಡವಳು ಅತ್ತರೆ ಅವಳನ್ನು ಗದರಿಸಬೇಡಿರಿ. ಅವಳ ಬಳಿಯಲ್ಲಿ ಕೂತುಕೊಳ್ಳಿರಿ. ಕರ್ತನು ಮರಿಯಳ ಕಣ್ಣೀರನ್ನು ಕಂಡು ಗದರಿಸಲಿಲ್ಲ, ತಾನೂ ಅತ್ತನು. ಅತ್ತಾದ ಮೇಲೆ ಪುನರುತ್ಥಾನದ ಮಾತನ್ನು ಮೆಲ್ಲನೆ ಅವಳಿಗೆ ಹೇಳಿರಿ. ಅತ್ತವನ ಬಾಯಿಂದ ಬಂದ ಸಮಾಧಾನವು ಮನಸ್ಸಿಗೆ ತಾಕುವದು.

ನಡುವೆ ಕೆತ್ತಿದ್ದು: ಕೈಕೆಲಸದ ಗುರುತು

ಬುರುಡೆಗೂ ರೆಕ್ಕೆಗೂ ನಡುವೆ ಆ ಕಲ್ಲುಗಳ ಮೇಲೆ ಇನ್ನೊಂದು ಗುರುತನ್ನು ಕಾಣುತ್ತೇವೆ. ಅದು ಸತ್ತವನ ಕಸಬಿನ ಸಾಮಾನು. ಒಕ್ಕಲಿಗನ ಕಲ್ಲಿನ ಮೇಲೆ ನೇಗಿಲಿನ ಕುಳ. ನೇಕಾರನ ಕಲ್ಲಿನ ಮೇಲೆ ಲಾಳಿ. ಕಮ್ಮಾರನ ಕಲ್ಲಿನ ಮೇಲೆ ಕಿರೀಟವಿಟ್ಟ ಸುತ್ತಿಗೆ. ದರ್ಜಿಯ ಕಲ್ಲಿನ ಮೇಲೆ ಕತ್ತರಿಯೂ ಇಸ್ತ್ರಿಯೂ. ಮೋಚಿಯ ಕಲ್ಲಿನ ಮೇಲೆ ತೊಗಲು ಕೊಯ್ಯುವ ಕತ್ತಿ. ಡಂಡೀ ಎಂಬ ಪಟ್ಟಣದಲ್ಲಿ ಹೌಫ್ ಎಂಬ ಹಳೇ ಸಮಾಧಿ ಭೂಮಿಯುಂಟು. ಹಿಂದೆ ಸನ್ಯಾಸಿಗಳ ಮಠಕ್ಕೆ ಸೇರಿದ್ದ ಆ ನೆಲವನ್ನು ಮೇರಿ ರಾಣಿಯು ೧೫೬೪ರಲ್ಲಿ ಪಟ್ಟಣದವರಿಗೆ ಹೂಣಿಡುವದಕ್ಕಾಗಿ ಕೊಟ್ಟಳು. ಆ ಊರಿನ ಒಂಬತ್ತು ಕಸಬುಗಳ ಸಂಘದವರು ಸುಮಾರು ಇನ್ನೂರು ವರುಷ ಅಲ್ಲಿಯೇ, ತಮ್ಮ ಹಿರಿಯರ ಸಮಾಧಿಗಳ ನಡುವೆ, ಕೂಟ ಸೇರಿ ತಮ್ಮ ಕಾರ್ಯಗಳನ್ನು ಮಾತಾಡಿಕೊಳ್ಳುತ್ತಿದ್ದರು. ಹೌಫ್ ಎಂಬ ಮಾತಿಗೆ ಜನರು ಕೂಡುವ ಸ್ಥಳವೆಂದೇ ಅರ್ಥ. ಅಲ್ಲಿನ ಕಲ್ಲುಗಳ ಮೇಲೆ ಇಂಥ ಕಸಬಿನ ಗುರುತುಗಳು ಬಹಳ.

ಇದು ನಮಗೆ ಎಷ್ಟು ದೊಡ್ಡ ಪಾಠ! ನಮ್ಮ ನಾಡಿನಲ್ಲಿ ಕಸಬಿನ ಹೆಸರು ಹಿಡಿದು ಮನುಷ್ಯನನ್ನು ಹೀನೈಸುವದುಂಟು. ತೊಗಲಿನ ಕೆಲಸದವನು, ಕೂಲಿಯವನು ಎಂದು ದೂರ ನಿಲ್ಲಿಸುವದುಂಟು. ಆ ಅವಮಾನವನ್ನು ಅನುಭವಿಸಿದವರು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಆ ದೇಶದ ಮೋಚಿಯ ಮಕ್ಕಳಾದರೋ ತಂದೆಯ ಕತ್ತಿಯನ್ನು ಮರೆಮಾಡದೆ, ನಿತ್ಯಜೀವದ ರೆಕ್ಕೆಯ ಕೆಳಗೇ ಅದನ್ನು ಕೆತ್ತಿಸಿದರು. ಇವನು ಈ ಕೈಕೆಲಸದಿಂದ ನಮ್ಮನ್ನು ಸಾಕಿದನು, ಇದನ್ನು ದೇವರ ಮುಂದೆ ಮಾಡಿದನು ಎಂದು ಹೇಳಿಕೊಳ್ಳುವದಕ್ಕೆ ಅವರು ನಾಚಿಕೆಪಡಲಿಲ್ಲ. ಏನು ಮಾಡಿದರೂ ಮನುಷ್ಯರಿಗೋಸ್ಕರವೆಂದು ಮಾಡದೆ ಕರ್ತನಿಗೋಸ್ಕರವೆಂದು ಮನಃಪೂರ್ವಕವಾಗಿ ಮಾಡಬೇಕೆಂಬದು ಕೊಲೊಸ್ಸೆಯ ಪತ್ರಿಕೆಯ ಬೋಧನೆ. ಬಡಗಿಯ ಮನೆಯಲ್ಲಿ ಬೆಳೆದ ರಕ್ಷಕನು ಬಾಚಿ ಉಳಿಗಳನ್ನು ಹೀನೈಸುವನೋ?

ಲಾಳಿಯ ಗುರುತಿಗೆ ಇನ್ನೂ ಒಂದು ಅರ್ಥವುಂಟು. ತನ್ನ ದಿವಸಗಳು ನೇಕಾರನ ಲಾಳಿಗಿಂತಲೂ ವೇಗವಾಗಿ ಓಡುತ್ತವೆಂದು ಯೋಬನು ಹೇಳಿದನು. ಮಗ್ಗದಲ್ಲಿ ಕೂತವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ಲಾಳಿಯು ಬರಿದೇ ಓಡುವದಿಲ್ಲ. ಓಡಿದ ಪ್ರತಿಯೊಂದು ಸಾರಿಯೂ ಒಂದು ಎಳೆಯನ್ನು ಬಟ್ಟೆಯಲ್ಲಿ ಬಿಟ್ಟುಹೋಗುತ್ತದೆ. ನಮ್ಮ ದಿವಸಗಳೂ ಹಾಗೆಯೇ.

ಕಾಲ ಬದಲಾದಾಗ

೧೯ನೆಯ ಶತಮಾನದಲ್ಲಿ ಆ ಕಲ್ಲುಗಳ ರೀತಿಯು ಬೇರೆಯಾಯಿತು. ಬುರುಡೆಯೂ ಎಲುಬೂ ಕಾಣದೆ ಹೋದವು. ಅವುಗಳ ಬದಲಿಗೆ ಬಟ್ಟೆ ಹೊದಿಸಿದ ಕಲಶ, ನಡುವೆ ಮುರಿದ ಕಂಬ, ಕೊಂಬೆಗಳನ್ನು ಕೆಳಕ್ಕೆ ಇಳಿಬಿಟ್ಟು ಅಳುವಂತೆ ತೋರುವ ಮರ, ಒಂದನ್ನೊಂದು ಹಿಡುಕೊಂಡ ಎರಡು ಕೈಗಳು, ಚಿಕ್ಕ ಮಕ್ಕಳ ಸಮಾಧಿಯ ಮೇಲೆ ಮಲಗಿದ ಕುರಿಮರಿ ಅಥವಾ ಕಿತ್ತ ಮೊಗ್ಗು ಬಂದವು. ಹಳೇ ಕಲ್ಲು ದಾರಿಗೆ ಹೋಗುವವನನ್ನು ನೋಡಿ, ನೀನೂ ಸಾಯುವಿ ಎಂದು ಎಚ್ಚರಿಸುತ್ತಿತ್ತು. ಹೊಸ ಕಲ್ಲು, ನಾವು ಇವನನ್ನು ಎಷ್ಟೋ ಪ್ರೀತಿಸಿದೆವು ಎಂದು ಹೇಳತೊಡಗಿತು.

ಇದರಲ್ಲಿ ಒಳ್ಳೇದುಂಟು. ಪ್ರೀತಿಯನ್ನು ಬಾಯಿಬಿಟ್ಟು ಹೇಳುವದು ತಪ್ಪಲ್ಲ. ಕೂಸಿನ ಸಮಾಧಿಯ ಮೇಲಿನ ಕುರಿಮರಿಯನ್ನು ನೋಡಿದರೆ, ಕುರಿಮರಿಗಳನ್ನು ಎದೆಗೆ ಅಪ್ಪಿಕೊಳ್ಳುವ ಒಳ್ಳೇ ಕುರುಬನ ನೆನಪು ಬರುವದು. ಹಿಡುಕೊಂಡ ಕೈಗಳನ್ನು ನೋಡಿದರೆ, ಅಗಲಿದ ಗಂಡ ಹೆಂಡರು ಕರ್ತನ ಸನ್ನಿಧಿಯಲ್ಲಿ ಮತ್ತೆ ಕೂಡುವ ನಿರೀಕ್ಷೆಯು ಹುಟ್ಟುವದು.

ಆದರೆ ಇದರಲ್ಲಿ ಎರಡು ಅಪಾಯಗಳೂ ಉಂಟು. ಮೊದಲನೆಯದು, ಮರಣದ ಮುಖಕ್ಕೆ ಮುಸುಕು ಹಾಕುವದು. ಕಲಶವು ಹಳೇ ಗ್ರೀಕರೂ ರೋಮನರೂ ಸುಟ್ಟ ಹೆಣದ ಬೂದಿಯನ್ನು ಇಡುತ್ತಿದ್ದ ಪಾತ್ರೆ. ಮುರಿದ ಕಂಬವು ಆಯುಸ್ಸು ನಡುವೆ ಕಡಿದುಹೋಯಿತೆಂದು ಮಾತ್ರ ಹೇಳುತ್ತದೆ, ಅದನ್ನು ತಿರಿಗಿ ನಿಲ್ಲಿಸುವಾತನುಂಟೆಂದು ಹೇಳುವದಿಲ್ಲ. ಕಣ್ಣೀರು ಉಳಿದು ತುತೂರಿಯು ಮರೆಯಾದರೆ ಅರ್ಧ ಬೇಥಾನ್ಯವೇ ಉಳಿಯಿತು. ಎರಡನೆಯದು, ಪ್ರೀತಿಯ ಹೆಸರಿನಲ್ಲಿ ಡಂಭವು ಬರುವದು. ಗ್ಲಾಸ್ಗೋ ಪಟ್ಟಣದಲ್ಲಿ ೧೮೩೩ರಲ್ಲಿ ತೆರೆಯಲ್ಪಟ್ಟ ನೆಕ್ರೊಪೊಲಿಸ್ ಎಂಬ ದೊಡ್ಡ ಸಮಾಧಿ ಗುಡ್ಡದ ಮೇಲೆ ಧನಿಕ ವರ್ತಕರ ಎತ್ತರವಾದ ಸ್ಮಾರಕಗಳು ಒಂದಕ್ಕಿಂತ ಒಂದು ಮೇಲಾಗಿ ನಿಂತಿವೆ. ಪೂರ್ವದಲ್ಲಿ ದೇವಾಲಯದೊಳಗೆ ಜಾಗ ಕೊಂಡುಕೊಳ್ಳುತ್ತಿದ್ದ ಅದೇ ಮನಸ್ಸು ಇಲ್ಲಿ ಗುಡ್ಡದ ಮೇಲೆ ಏರಿತು.

ಈ ಎರಡನೆಯ ಅಪಾಯವು ನಮಗೆ ದೂರವಾದದ್ದೆಂದು ನೆನಸಬೇಡಿರಿ. ನಮ್ಮ ಹಳ್ಳಿಗಳಲ್ಲಿ ಗ್ಲಾಸ್ಗೋವಿನ ವರ್ತಕರಿಲ್ಲ. ಆದರೆ ಜನ ಏನನ್ನುವರೋ ಎಂಬ ಭಯವುಂಟು. ತಂದೆಯ ಮಣ್ಣಿಗೆ ಬಂದವರಿಗೆ ಊಟ ಹಾಕಬೇಕೆಂದು, ಸಮಾಧಿಗೆ ಸಿಮೆಂಟು ಕಟ್ಟಿಸಿ ನುಣುಪಾದ ಕಲ್ಲು ಇಡಿಸಬೇಕೆಂದು ಬಡ್ಡಿಗೆ ಸಾಲ ತಂದು, ಬಳಿಕ ಎತ್ತನ್ನೋ ಹೊಲವನ್ನೋ ಮಾರಿದ ಮನೆಗಳುಂಟು. ಸತ್ತವನ ಮೇಲೆ ಕಲ್ಲು ಏರಿತು, ಬದುಕಿರುವ ಮಕ್ಕಳ ಮೇಲೆ ಸಾಲವೆಂಬ ಕಲ್ಲು ಏರಿತು. ಇದು ತಂದೆಗೆ ಮಾನವೋ? ಸ್ಕಾಟ್ಲೆಂಡಿನ ಸಭೆಗಳಲ್ಲಿ ಹೆಣದ ಮೇಲೆ ಹೊದಿಸುವ ಬಟ್ಟೆಯನ್ನು ಸಭೆಯವರೇ ಇಟ್ಟುಕೊಂಡು ಬಾಡಿಗೆಗೆ ಕೊಡುತ್ತಿದ್ದರು. ಆ ಹಣವು ಬಡವರ ನಿಧಿಗೆ ಸೇರುತ್ತಿತ್ತು. ಒಬ್ಬನ ಮರಣದಿಂದ ಇನ್ನೊಬ್ಬ ಬಡವನಿಗೆ ಒಂದು ಹೊತ್ತಿನ ಅನ್ನವಾಯಿತು. ನಿಮಗೆ ಅನುಕೂಲವಿದ್ದರೆ ನಿಮ್ಮವರ ಹೆಸರಿನಲ್ಲಿ ಸಭೆಯ ಬಡ ವಿಧವೆಗೆ ಒಂದು ಸೀರೆಯನ್ನೋ, ಓದುವ ಹುಡುಗನಿಗೆ ಪುಸ್ತಕವನ್ನೋ ಕೊಡಿರಿ. ಅದು ಮಾತಾಡುವ ಕಲ್ಲು.

ಅಕ್ಷರ ತೇದುಹೋದಾಗ

ಕಲ್ಲು ಗಟ್ಟಿಯಾದದ್ದೇ. ಆದರೂ ಮಳೆ ಗಾಳಿಗಳು ಅದನ್ನು ತೇಯುತ್ತವೆ. ಪಾಚಿಯು ಅಕ್ಷರಗಳನ್ನು ಮುಚ್ಚುತ್ತದೆ. ತನ್ನ ಮಾತುಗಳು ಕಬ್ಬಿಣದ ಉಳಿಯಿಂದ ಬಂಡೆಯ ಮೇಲೆ ಎಂದೆಂದಿಗೂ ಕೆತ್ತಲ್ಪಡಲೆಂದು ಯೋಬನು ಬಯಸಿದನು. ಆದರೆ ಎಂದೆಂದಿಗೂ ಉಳಿಯುವ ಬಂಡೆ ಎಲ್ಲಿದೆ? ಇದಕ್ಕೆ ಒಬ್ಬ ಮನುಷ್ಯನ ವೃತ್ತಾಂತವನ್ನು ಕೇಳಿರಿ.

ಎಡಿನ್‌ಬರೋ ಪಟ್ಟಣದ ಗ್ರೇಫ್ರಯರ್ಸ್ ದೇವಾಲಯದಲ್ಲಿ ೧೬೩೮ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಜನರು ಒಂದು ಒಡಂಬಡಿಕೆಗೆ ರುಜು ಹಾಕಿದರು. ಸಭೆಯ ಆರಾಧನೆಯನ್ನು ಅರಸನು ತನ್ನ ಇಷ್ಟದಂತೆ ಬದಲಿಸಕೂಡದೆಂಬದು ಅದರ ಸಾರ. ಮುಂದೆ ಎರಡನೆಯ ಚಾರ್ಲ್ಸ್ ಅರಸನ ಕಾಲದಿಂದ ೧೬೮೮ರ ವರೆಗೆ ಆ ಒಡಂಬಡಿಕೆಯನ್ನು ಹಿಡಿದವರಿಗೆ ಕಠಿಣವಾದ ಹಿಂಸೆಯಾಯಿತು. ಅವರು ಬೆಟ್ಟಗಳಲ್ಲಿಯೂ ಬಯಲುಗಳಲ್ಲಿಯೂ ಕೂಡಿ ದೇವರನ್ನು ಆರಾಧಿಸಿದರು. ಅನೇಕರು ಪ್ರಾಣ ಕೊಟ್ಟರು. ವಿಗ್ಟನ್ ಎಂಬ ಊರಿನ ಸಭೆಯ ಅಂಗಳದಲ್ಲಿ ಇಬ್ಬರು ಸ್ತ್ರೀಯರ ಸಮಾಧಿಗಳಿವೆ. ಇಬ್ಬರ ಹೆಸರೂ ಮಾರ್ಗರೆಟ್. ಒಬ್ಬಳು ಮುದುಕಿ, ಇನ್ನೊಬ್ಬಳು ೧೮ ವಯಸ್ಸಿನ ಹುಡುಗಿ. ೧೬೮೫ರಲ್ಲಿ ಇವರನ್ನು ಸಮುದ್ರದ ತೀರದಲ್ಲಿ ಗೂಟಗಳಿಗೆ ಕಟ್ಟಿ ಏರುವ ನೀರಿನಲ್ಲಿ ಮುಳುಗಿಸಿದರೆಂದು ಆ ಸಭೆಯವರು ಸಾಕ್ಷಿಯಾಗಿ ಬರೆದಿಟ್ಟಿದ್ದಾರೆ.

ಇಂಥವರ ಕಲ್ಲುಗಳು ತೇದುಹೋಗುವದನ್ನು ರಾಬರ್ಟ್ ಪ್ಯಾಟರ್ಸನ್ ಎಂಬ ಕಲ್ಲುಕುಟಿಗನು ೧೮ನೆಯ ಶತಮಾನದಲ್ಲಿ ನೋಡಿದನು. ಅವನು ಸುತ್ತಿಗೆ ಉಳಿಗಳನ್ನು ತಕ್ಕೊಂಡು, ಒಂದು ಮುದಿ ಕುದುರೆಯನ್ನು ಏರಿ, ಸುಮಾರು ನಾಲ್ವತ್ತು ವರುಷ ಊರಿಂದ ಊರಿಗೆ ಹೋಗಿ, ಕೂಲಿ ಕೇಳದೆ, ರಕ್ತಸಾಕ್ಷಿಗಳ ಹೆಸರುಗಳನ್ನು ತಿರಿಗಿ ಕೆತ್ತಿದನು. ಜನರು ಅವನಿಗೆ ಓಲ್ಡ್ ಮಾರ್ಟಾಲಿಟಿ, ಅಂದರೆ ಮರಣವನ್ನು ನೆನಪಿಸುವ ಮುದುಕ, ಎಂದು ಹೆಸರಿಟ್ಟರು. ವಾಲ್ಟರ್ ಸ್ಕಾಟ್ ಎಂಬ ಗ್ರಂಥಕರ್ತನು ೧೮೧೬ರಲ್ಲಿ ತನ್ನ ಒಂದು ಕಥಾಗ್ರಂಥಕ್ಕೆ ಅದೇ ಹೆಸರನ್ನು ಕೊಟ್ಟನು.

ಅವನ ನಿಷ್ಠೆಯು ದೊಡ್ಡದು. ಆದರೆ ಪೂರ್ತಿ ಸಂಗತಿಯನ್ನೂ ಹೇಳಬೇಕು. ಅವನು ಹೀಗೆ ತಿರುಗುತ್ತಿರುವಾಗ ಹೆಂಡತಿ ಮಕ್ಕಳನ್ನು ಬಿಟ್ಟೇ ಇದ್ದನು. ಮನೆಗೆ ಬಾ ಎಂದು ಮಗನನ್ನು ಕಳುಹಿಸಿದರೂ ಅವನು ಬರಲಿಲ್ಲ. ಅವನ ಹೆಂಡತಿಯು ಒಂದು ಚಿಕ್ಕ ಶಾಲೆಯನ್ನು ನಡಿಸಿ ಮಕ್ಕಳನ್ನು ಸಾಕಿದಳು. ಸತ್ತ ಭಕ್ತರ ಹೆಸರನ್ನು ಉಳಿಸುವದಕ್ಕೆ ಹೋದವನು ಬದುಕಿದ್ದವರ ಹಸಿವನ್ನು ಮರೆತನು. ಸತ್ತವರ ಮೇಲಣ ಪ್ರೀತಿಯು ಬದುಕಿದ್ದವರಿಂದ ಕಿತ್ತುಕೊಂಡದ್ದಾಗಿರಬಾರದೆಂದು ಇದರಿಂದ ಕಲಿಯೋಣ.

ಇನ್ನೊಂದನ್ನು ಕೇಳಿರಿ. ಅವನು ೧೮೦೧ರಲ್ಲಿ ದಾರಿಯಲ್ಲಿ ಬಿದ್ದು ತೀರಿಹೋದನು. ಕಾರ್ಲವೆರಾಕ್ ಎಂಬ ಊರಿನ ಸಭೆಯ ಅಂಗಳದಲ್ಲಿ ಅವನನ್ನು ಹೂಣಿಟ್ಟರು. ಅಷ್ಟು ಮಂದಿಯ ಹೆಸರುಗಳನ್ನು ಕೆತ್ತಿದ ಆ ಕೈಗೆ ತನ್ನ ಹೆಸರಿನ ಕಲ್ಲು ಇರಲಿಲ್ಲ. ೧೮೬೯ರಲ್ಲಿ ಸ್ಕಾಟನ ಗ್ರಂಥಗಳನ್ನು ಪ್ರಕಟಿಸುವವರು ಅಲ್ಲಿ ಒಂದು ಕಲ್ಲನ್ನು ನಿಲ್ಲಿಸಿದರು. ಅರುವತ್ತೆಂಟು ವರುಷ ಅವನು ಹೆಸರಿಲ್ಲದ ಮಣ್ಣಿನಲ್ಲಿ ಮಲಗಿದ್ದನು. ಆ ಅರುವತ್ತೆಂಟು ವರುಷ ಕರ್ತನಿಗೆ ಅವನ ಗುರುತು ತಪ್ಪಿತೋ?

ಈ ಮಾತನ್ನು ನಮ್ಮ ಬಡ ತಾಯಂದಿರಿಗೋಸ್ಕರ ಬರೆಯುತ್ತೇನೆ. ನಿಮ್ಮಲ್ಲಿ ಅನೇಕರು ಕೂಸನ್ನು ಹೂಣಿಟ್ಟ ಮೇಲೆ ಒಂದು ಗುಂಡುಕಲ್ಲನ್ನೋ ಎರಡು ಕಡ್ಡಿಗಳ ಶಿಲುಬೆಯನ್ನೋ ಮಾತ್ರ ಇಟ್ಟು ಬಂದಿರಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ದಿಬ್ಬವು ತಗ್ಗಿತು, ಹುಲ್ಲು ಬೆಳೆಯಿತು, ಕಡ್ಡಿಯನ್ನು ಗೆದ್ದಲು ತಿಂದಿತು. ಈಗ ಸ್ಮಶಾನಕ್ಕೆ ಹೋದರೆ ಇಲ್ಲಿಯೋ ಅಲ್ಲಿಯೋ ಎಂದು ತಿಳಿಯದೆ ನಿಲ್ಲುತ್ತೀರಿ. ನನ್ನ ಮಗುವನ್ನು ಲೋಕವೇ ಮರೆಯಿತೆಂದು ನಿಮ್ಮ ಮನಸ್ಸು ಕುಗ್ಗುತ್ತದೆ. ತಾಯೀ, ಹಾಲು ಕುಡಿಯುವ ಕೂಸನ್ನು ಹೆತ್ತವಳು ಮರೆತಾಳು, ತಾನು ಮರೆಯೆನೆಂದು ದೇವರು ಯೆಶಾಯನ ಮೂಲಕ ಮಾತು ಕೊಟ್ಟಿದ್ದಾನೆ. ತನ್ನವರನ್ನು ಆತನು ಕಲ್ಲಿನ ಮೇಲೆ ಅಲ್ಲ, ತನ್ನ ಅಂಗೈಗಳ ಮೇಲೆ ಕೆತ್ತಿಕೊಂಡಿದ್ದಾನೆ. ಮೊಳೆಯ ಗಾಯವಿರುವ ಆ ಅಂಗೈಯ ಅಕ್ಷರವನ್ನು ಯಾವ ಮಳೆಯೂ ತೇಯಲಾರದು. ಲಾಜರನನ್ನು ಹೆಸರು ಹಿಡಿದು ಕರೆದಾತನಿಗೆ ನಿನ್ನ ಕೂಸಿನ ಹೆಸರೂ ತಿಳಿದದೆ.

ಆದದರಿಂದ ಪ್ರಿಯರೇ, ಈ ವರುಷ ಪುನರುತ್ಥಾನದ ಹಬ್ಬಕ್ಕೆ ಮೊದಲು ನಮ್ಮ ಸ್ಮಶಾನಗಳನ್ನು ಶುದ್ಧಮಾಡೋಣ. ಮುಳ್ಳುಕಂಟಿಗಳನ್ನು ಕಡಿದು, ಬೇಲಿ ಹಾಕಿ, ಗುರುತಿಲ್ಲದ ದಿಬ್ಬಗಳ ಮೇಲೆಯೂ ಮಣ್ಣು ಏರಿಸೋಣ. ಸಭೆಯ ಪುಸ್ತಕದಲ್ಲಿ ತೀರಿಹೋದವರ ಹೆಸರುಗಳು ಬಿಟ್ಟುಹೋಗಿದ್ದರೆ ಹಿರಿಯರನ್ನು ಕೇಳಿ ಬರೆದಿಡೋಣ. ಕಲ್ಲು ಇಡುವ ಶಕ್ತಿಯುಳ್ಳವರು ಚಿಕ್ಕ ಕಲ್ಲನ್ನು ಇಟ್ಟು, ಅದರ ಮೇಲೆ ಹೆಸರನ್ನೂ ಒಂದು ನಿರೀಕ್ಷೆಯ ಗುರುತನ್ನೂ ಕೆತ್ತಿಸಲಿ, ಶಕ್ತಿಯಿಲ್ಲದವರು ನಾಚಿಕೆಪಡದಿರಲಿ. ಅಲ್ಲಿ ನಿಂತಾಗ ಅಳು ಬಂದರೆ ಅಳೋಣ; ಅತ್ತು ಕೀರ್ತನೆ ಹಾಡೋಣ. ಅಲ್ಲಿಂದ ಹಿಂದಿರುಗುವಾಗ, ಮಾತು ಬಿಟ್ಟ ಸಹೋದರನ ಮನೆಯ ದಾರಿಯನ್ನು ಹಿಡಿಯೋಣ.

ಬೇಥಾನ್ಯದಲ್ಲಿ ಅತ್ತವನೂ ಕರೆದವನೂ ಆದ ನಮ್ಮ ಕರ್ತನಾದ ಯೇಸು ಕ್ರಿಸ್ತನು, ದುಃಖದಲ್ಲಿರುವ ಪ್ರತಿಯೊಂದು ಮನೆಯಲ್ಲಿಯೂ ಬಂದು ಇರಲಿ. ಆತನ ಧ್ವನಿಯನ್ನು ಕೇಳುವ ದಿನದಲ್ಲಿ ನಾವೂ ನಮ್ಮವರೂ ಕೂಡಿ ಏಳುವಂತೆ ಆತನು ನಮ್ಮನ್ನು ಕಾಪಾಡಲಿ. ಆಮೆನ್.